ಹಾಸನದಿಂದ ಕೋಟಾಸಾರಸ್ ನೋಡಲು: ಎರಡು ರಾತ್ರಿ, ಒಂದು ಹಗಲು

ಹಳೇಬೀಡಿನಲ್ಲಿ ಮಕರದ ಮುಂದೆ ನಿಂತು ನನ್ನ ಮಗ "ಅಪ್ಪಾ, ಇದು ಡೈನೋಸಾರಾ?" ಅಂತ ಕೇಳಿದ. ಎಂಟು ವರ್ಷದ ಹುಡುಗ. ಆನೆ ಸೊಂಡಿಲು, ಮೊಸಳೆ ಬಾಯಿ, ನವಿಲಿನ ಬಾಲ ಅಂತ ಗೈಡ್ ಲೆಕ್ಕ ಒಪ್ಪಿಸಿದರು. ಮಗನ ಮುಂದಿನ ಪ್ರಶ್ನೆ, ನಮ್ಮೂರಲ್ಲಿ ಅಗೆದರೆ ಡೈನೋಸಾರ್ ಸಿಗುತ್ತಾ ಅಂತ.

ಸಿಗಲ್ಲ. ಹಾಸನದ ಕಲ್ಲು ತೀರಾ ಹಳೇದು. ಗೊರೂರು ಕಡೆಯ ಬಂಡೆಗಳಿಗೆ ಸುಮಾರು 330 ಕೋಟಿ ವರ್ಷ. ಡೈನೋಸಾರ್‌ಗಳು ಹುಟ್ಟಿದ್ದು ಹೆಚ್ಚುಕಡಿಮೆ 23 ಕೋಟಿ ವರ್ಷದ ಹಿಂದೆ. ಮೂಳೆ ಉಳಿಯಬೇಕಾದರೆ ಅವುಗಳ ಕಾಲದ ಮರಳು, ಕೆಸರು ಕಲ್ಲಾಗಿ ಉಳಿದಿರಬೇಕು. ಅಂಥ ಕಲ್ಲು ತೆಲಂಗಾಣ ಕಡೆಯ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿದೆ. ಅಲ್ಲಿ ಸಿಕ್ಕ ಕೋಟಾಸಾರಸ್ ಅನ್ನುವ ಡೈನೋಸಾರ್ ಈಗ ಹೈದರಾಬಾದಿನ ಬಿರ್ಲಾ ಸೈನ್ಸ್ ಮ್ಯೂಸಿಯಂನಲ್ಲಿ ನಿಂತಿದೆ. ದಸರಾ ರಜೆಯಲ್ಲಿ ಹೊರಟೇಬಿಟ್ಟೆವು.

ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ. ಅಲ್ಲಿಂದ ಹೈದರಾಬಾದಿನ ಕಾಚಿಗುಡ ಸ್ಟೇಷನ್ನಿಗೆ ರಾತ್ರಿ ರೈಲು. ಟಿಕೆಟ್ ಮಾಡುವಾಗ ರೈಲು ಮೆಜೆಸ್ಟಿಕ್‌ನಿಂದ ಹೊರಡುತ್ತಾ, ಯಶವಂತಪುರದಿಂದಾ ನೋಡಿಕೊಳ್ಳಿ. ಬಸ್ಸಿಗೂ ರೈಲಿಗೂ ನಡುವೆ ಎರಡು ಗಂಟೆಯಾದರೂ ಇರಲಿ. ನೆಲಮಂಗಲ ದಾಟಿದ ಮೇಲಿನ ಟ್ರಾಫಿಕ್ ಹಾಸನದವರಿಗೆ ನಾನು ಹೇಳಬೇಕಾ?

ಕಾಚಿಗುಡದಲ್ಲಿ ಬೆಳಿಗ್ಗೆ ಇಳಿದಾಗ ನಾನೊಂದು ಪೆದ್ದತನ ಮಾಡಿದ್ದು ಗೊತ್ತಾಯಿತು. ಒಂದೇ ಹಗಲಿಗೆ ಲಾಡ್ಜ್ ಯಾಕೆ ಅಂತ ಬ್ಯಾಗನ್ನು ಕ್ಲೋಕ್ ರೂಮಿನಲ್ಲಿ ಇಡುವ ಪ್ಲಾನ್ ಮಾಡಿದ್ದೆ. ಬೀಗ ಹಾಕದ ಬ್ಯಾಗ್ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಆರೂವರೆಗೆ ಬೀಗ ಎಲ್ಲಿ ಹುಡುಕಲಿ? ಕೊನೆಗೆ ಹೊರಗಿನ ಗೂಡಂಗಡಿಯಲ್ಲಿ ಸಿಕ್ಕಿತು, ಊರಿನ ರೇಟಿಗಿಂತ ಜಾಸ್ತಿಯೇ. ನೀವು ಮನೆಯಿಂದಲೇ ಒಂದು ಸಣ್ಣ ಬೀಗ ತಗೊಂಡು ಹೋಗಿ.

ಆಟೋದವರಿಗೆ ಬರೀ "ಬಿರ್ಲಾ" ಅನ್ನಬೇಡಿ, ಬಿರ್ಲಾ ಮಂದಿರಕ್ಕೆ ಬಿಟ್ಟುಬಿಡುತ್ತಾರೆ. "ಬಿರ್ಲಾ ಪ್ಲಾನೆಟೇರಿಯಂ" ಅನ್ನಿ. ಮ್ಯೂಸಿಯಂ ಇರುವುದು ನೌಬತ್ ಪಹಾಡ್ ಗುಡ್ಡದ ಮೇಲೆ, ಪ್ಲಾನೆಟೇರಿಯಂ ಜೊತೆಗೇ. ಮೆಟ್ರೋದಲ್ಲಾದರೆ ಅಸೆಂಬ್ಲಿ ಸ್ಟೇಷನ್ ಹತ್ತಿರ. ಬಾಗಿಲು ತೆರೆಯುವ ಹೊತ್ತು ಮತ್ತು ರಜೆಯ ದಿನ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನಾವು ಕೇಳದೆ ಹೋಗಿ ಬಿಸಿಲಲ್ಲಿ ಕಾದೆವು.

ಡೈನೋಸಾರ್ ಹಾಲ್‌ಗೆ ಬರೋಣ. ಒಳಗೆ ಹೋಗುತ್ತಿದ್ದಂತೆ ಫೋಟೋ ತೆಗೆದು ಹೊರಗೆ ಬರುವವರೇ ಜಾಸ್ತಿ. ಐದೇ ನಿಮಿಷ! ನೀವು ಅರ್ಧ ಗಂಟೆ ನಿಲ್ಲಿ. ಈ ಪ್ರಾಣಿಯ ಮೂಳೆಗಳು 1970ರ ದಶಕದ ಕೊನೆಯಲ್ಲಿ ಯಾಮನಪಲ್ಲಿ ಅನ್ನುವ ಹಳ್ಳಿಯ ಹತ್ತಿರ ಸಿಕ್ಕವು. ಒಟ್ಟು 840 ಮೂಳೆ, ಕನಿಷ್ಠ 12 ಪ್ರಾಣಿಗಳದ್ದು. ಒಂದೇ ಹಿಂಡು ನೆರೆಗೆ ಸಿಕ್ಕಿ ಸತ್ತಿರಬೇಕು ಅಂತ ಅಂದಾಜು. 1988ರಲ್ಲಿ ಭೂವಿಜ್ಞಾನಿ ಪಿ. ಯಾದಗಿರಿ ಇದಕ್ಕೆ ಹೆಸರಿಟ್ಟರು. ಹೆಸರಿನ ಮುಂದಿರುವ 'ಕೋಟಾ' ಅಂದರೆ ಮೂಳೆ ಸಿಕ್ಕ ಕಲ್ಲಿನ ಪದರದ ಹೆಸರು.

ಮೊದಲು ತೊಡೆಮೂಳೆ ನೋಡಿ. ಕಂಬದ ಹಾಗೆ ನೆಟ್ಟಗಿದೆ. ಭಾರ ಹೊತ್ತು ನಾಲ್ಕು ಕಾಲಲ್ಲಿ ನಿಧಾನಕ್ಕೆ ನಡೆಯುವ ಪ್ರಾಣಿ ಅಂತ ಅದೇ ಹೇಳುತ್ತದೆ. ಆಮೇಲೆ ಬೆನ್ನುಮೂಳೆ. ಮುಂದೆ ಬಂದ ದೈತ್ಯ ಡೈನೋಸಾರ್‌ಗಳ ಬೆನ್ನುಮೂಳೆಯಲ್ಲಿ ತೂಕ ಇಳಿಸುವ ದೊಡ್ಡ ಪೊಳ್ಳುಗಳಿರುತ್ತವೆ. ಇದರದ್ದು ಸಾದಾ. ಅಂದರೆ ಉದ್ದ ಕತ್ತಿನ ಆ ದೊಡ್ಡ ವಂಶದ ಮೊದಮೊದಲ ಸದಸ್ಯ ಇದು. ಕೊನೆಗೆ ತಲೆ. ಕೋಟಾಸಾರಸ್‌ನ ತಲೆಬುರುಡೆ ಯಾರಿಗೂ ಸಿಕ್ಕಿಲ್ಲ, ಎರಡು ಹಲ್ಲು ಬಿಟ್ಟರೆ. ಆ ಹಲ್ಲು ಚಮಚದ ಆಕಾರದವು, ಸೊಪ್ಪು ತಿನ್ನುವುದಕ್ಕೆ ಹೇಳಿ ಮಾಡಿಸಿದ ಹಾಗೆ. ಹಾಗಾಗಿ ಅಲ್ಲಿರುವ ತಲೆ ಅಂದಾಜಿನದ್ದು. ಇದನ್ನು ಹೇಳಿದ್ದೇ ತಡ, ಮಗ "ಹಂಗಾದ್ರೆ ಇದೂ ಮಕರನೇ" ಅಂದುಬಿಟ್ಟ. ನಾನು ಇಲ್ಲ ಅನ್ನಲು ಹೋಗಿ ಸುಮ್ಮನಾದೆ.

ಮಕ್ಕಳಿದ್ದರೆ ರೈಲಿನಲ್ಲೇ ಕತೆ ಶುರು ಮಾಡಿ. ನಾನು ಹೇಳಿದ್ದು ಪ್ಯಾರಾಸುಕಸ್‌ದು. ಅದೂ ಗೋದಾವರಿ ಕಣಿವೆಯದ್ದೇ, ಆದರೆ ಡೈನೋಸಾರ್ ಅಲ್ಲ. ನೋಡಲು ಥೇಟ್ ಮೊಸಳೆ. ಮೊಸಳೆಗೆ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿ, ಇದಕ್ಕೆ ಕಣ್ಣಿನ ಹತ್ತಿರ. ಹತ್ತಿರದ ಸಂಬಂಧಿಯಲ್ಲದಿದ್ದರೂ ನೀರಲ್ಲಿ ಹೊಂಚು ಹಾಕಿ ಹಾಕಿ ಒಂದೇ ರೂಪ ಬಂದುಬಿಟ್ಟಿದೆ. ಜೊತೆಯಾಗಿ ಸಿಕ್ಕ ಎರಡು ಪ್ಯಾರಾಸುಕಸ್‌ಗಳ ಹೊಟ್ಟೆಯ ಜಾಗದಲ್ಲಿ ಮಲೇರಿಸಾರಸ್ ಅನ್ನುವ ಸಣ್ಣ ಸರೀಸೃಪದ ಮೂಳೆಗಳಿದ್ದವು. ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದಿನ ಊಟ! ಇವನ್ನು ನೋಡಬೇಕಾದರೆ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೇ ಹೋಗಬೇಕು. ಕೋಟಾಸಾರಸ್‌ಗಿಂತ ದೊಡ್ಡದಾದ ಬರಾಪಾಸಾರಸ್ ಕೂಡ ಅಲ್ಲೇ ಇದೆ. ಅದರ ಹೆಸರಿನ ಅರ್ಥ ದೊಡ್ಡ ಕಾಲಿನ ಹಲ್ಲಿ. ಪೂರ್ತಿ ಹೆಸರು ಬರಾಪಾಸಾರಸ್ ಟ್ಯಾಗೋರೈ, ಅದರಲ್ಲಿ ರವೀಂದ್ರನಾಥ ಟ್ಯಾಗೋರರೂ ಇದ್ದಾರೆ.

ಪ್ಲಾನೆಟೇರಿಯಂ ಶೋ ನೋಡುವುದಾದರೆ ಇಂಗ್ಲಿಷಿನದ್ದು ಎಷ್ಟು ಗಂಟೆಗೆ ಅಂತ ಕೇಳಿ ಟಿಕೆಟ್ ತಗೊಳ್ಳಿ. ನಾವು ಅವಸರದಲ್ಲಿ ತೆಲುಗಿನದ್ದಕ್ಕೆ ನುಗ್ಗಿದೆವು, ಮಗ ತಣ್ಣಗೆ ಮಲಗಿದ. ಸಂಜೆ ಮಂದಿರಕ್ಕೆ ಹೋದರೆ ಮೊಬೈಲ್ ಹೊರಗೆ ಕೊಟ್ಟು ಹೋಗಬೇಕು, ಟೋಕನ್ ಜೋಪಾನ.

ವಾಪಸ್ ರೈಲಿನ ಟಿಕೆಟನ್ನು ಹೋಗುವ ಟಿಕೆಟಿನ ಜೊತೆಗೇ ಮಾಡಿಸಿ, ರಜೆಯಲ್ಲಿ ಆಮೇಲೆ ಸಿಗಲ್ಲ. ಕೆಳಗಿನ ಬರ್ತ್ ಒಂದಾದರೂ ಇರಲಿ. ನಮ್ಮವನು ಮೇಲಿನ ಬರ್ತ್‌ನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಕೋಟಾಸಾರಸ್ ಬರೆದ. ತಲೆಯ ಜಾಗದಲ್ಲಿ ಸೊಂಡಿಲಿತ್ತು.