ಸತು ಕೆಲಸಕ್ಕಿಳಿಯುವ ಉಷ್ಣತೆ: ಪಾಲಿಲ್ಯಾಕ್ಟಿಕ್ ಆಮ್ಲದ ಮೂರನೆಯ ಪ್ರಯತ್ನ

ಹಾವೇರಿ ಸುತ್ತಲಿನ ಮೆಣಸಿನಕಾಯಿ ಹೊಲಗಳಲ್ಲಿ ಹಾಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟಿನ ಚೂರುಗಳು ಬೆಳೆ ತೆಗೆದ ಮೇಲೂ ಎರೆಮಣ್ಣಿನಲ್ಲಿ ಉಳಿದುಬಿಡುತ್ತವೆ. ನಮ್ಮ ಹೊಲದಲ್ಲಿ ಅವನ್ನು ವರ್ಷವರ್ಷವೂ ಆರಿಸಿ ಬೇಸತ್ತ ಮೇಲೆಯೇ, ನಾನು ಪಾಠ ಮಾಡುವ ಕಾಲೇಜಿನ ಪ್ರಯೋಗಾಲಯದಲ್ಲಿ ರಜೆಯ ದಿನಗಳಂದು, ಲ್ಯಾಕ್ಟಿಕ್ ಆಮ್ಲದ ಅಣುಗಳನ್ನು ಸರಪಳಿಯಂತೆ ಜೋಡಿಸಿ ಪಾಲಿಲ್ಯಾಕ್ಟಿಕ್ ಆಮ್ಲವೆಂಬ ಕೊಳೆಯಬಲ್ಲ ಪ್ಲಾಸ್ಟಿಕ್ಕನ್ನು ತಯಾರಿಸುವ ಕೆಲಸಕ್ಕೆ ಕೈಹಾಕಿದೆ.

ಹಿಂದಿನ ಎರಡು ಪ್ರಯತ್ನಗಳಲ್ಲಿ ವೇಗವರ್ಧಕವಾಗಿ, ಅಂದರೆ ಈ ಜೋಡಣೆಯನ್ನು ಚುರುಕುಗೊಳಿಸಲು, ತವರದ ಸ್ಟ್ಯಾನಸ್ ಕ್ಲೋರೈಡನ್ನು ಬಳಸಿದ್ದೆ. ಈ ಬಾರಿ ಸತುವಿನ ಆಕ್ಸೈಡನ್ನು ಆರಿಸಿಕೊಂಡೆ. ಸತುವಿನ ವೇಗ ತವರಕ್ಕಿಂತ ಕಡಿಮೆ ಎಂಬುದು ಗೊತ್ತಿದ್ದರೂ, ನಮ್ಮ ರೈತರು ಸತುವಿನ ಕೊರತೆಗೆಂದು ಜಿಂಕ್ ಸಲ್ಫೇಟನ್ನು ಹೊಲಕ್ಕೆ ಹಾಕುವುದರಿಂದ, ವಸ್ತುವಿನಲ್ಲಿ ಉಳಿಯುವ ಅಲ್ಪಸ್ವಲ್ಪ ಸತು ನನಗೆ ಚಿಂತೆಯ ವಿಷಯವೆನಿಸಲಿಲ್ಲ.

ಶೇ. 88ರ ಲ್ಯಾಕ್ಟಿಕ್ ಆಮ್ಲವನ್ನು 200 ಗ್ರಾಂ ತೆಗೆದುಕೊಂಡೆ. ಅದರಲ್ಲಿ ಮೊದಲೇ ಇರುವ ನೀರು 24 ಗ್ರಾಂ. ಅಣುಗಳೆಲ್ಲ ಒಂದಕ್ಕೊಂದು ಕೂಡಿಕೊಂಡರೆ ಹೊರಬೀಳಬೇಕಾದದ್ದು ಇನ್ನೂ ಸುಮಾರು 35 ಗ್ರಾಂ. ಮೊದಲ ಪ್ರಯತ್ನದಲ್ಲಿ ವೇಗವರ್ಧಕವನ್ನು ಆರಂಭದಲ್ಲಿಯೇ ಹಾಕಿದ್ದು ತಪ್ಪಾಗಿತ್ತು, ಏಕೆಂದರೆ ಅಷ್ಟು ನೀರಿನ ನಡುವೆ ಲೋಹದ ಬಲ ಕುಂದುತ್ತದೆ. ಆದ್ದರಿಂದ ಈ ಸಲ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ಗಂಟೆ ಕಾಯಿಸಿ, 51 ಗ್ರಾಂ ನೀರು ಇಳಿದ ಮೇಲಷ್ಟೇ 0.6 ಗ್ರಾಂ ಸತುವಿನ ಆಕ್ಸೈಡನ್ನು ಬೆರೆಸಿದೆ. ಅದು ಆಮ್ಲದಲ್ಲಿ ಕರಗಿ ಸತುವಿನ ಲ್ಯಾಕ್ಟೇಟ್ ಆಯಿತು. ಆದರೆ ಅದೇ ಉಷ್ಣತೆಯಲ್ಲಿ ಒಂದು ಗಂಟೆ ಕಾದರೂ ಹೆಚ್ಚಿನ ಬದಲಾವಣೆ ಕಾಣಲಿಲ್ಲ. ನಿರ್ವಾತ ಪಂಪನ್ನು ಜೋಡಿಸಿ 170 ಡಿಗ್ರಿಗೆ ಏರಿಸಿದಾಗ ಕಂಡೆನ್ಸರ್‌ನಿಂದ ಮತ್ತೆ ಹನಿ ಬೀಳತೊಡಗಿತು. 180 ಡಿಗ್ರಿಯಲ್ಲಿ ಎಂಟು ಗಂಟೆ ಇಟ್ಟ ನಂತರ ಟೈಟ್ರೇಷನ್ ಮಾಡಿದರೆ, ಸತು ಬೆರೆಸುವ ಹೊತ್ತಿಗೆ ಸುಮಾರು 170 ಇದ್ದ ಆಮ್ಲಸಂಖ್ಯೆ (ಒಂದು ಗ್ರಾಂ ವಸ್ತುವಿನ ಆಮ್ಲವನ್ನು ತಟಸ್ಥಗೊಳಿಸಲು ಬೇಕಾಗುವ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್, ಮಿಲಿಗ್ರಾಂಗಳಲ್ಲಿ) 30ಕ್ಕೆ ಇಳಿದಿತ್ತು. 56,100ನ್ನು ಆಮ್ಲಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಅಣುತೂಕ ಸಿಗುತ್ತದೆಯಾದ್ದರಿಂದ, ಅದು 330ರಿಂದ 1,870ಕ್ಕೆ ಏರಿದೆ ಎಂದಾಯಿತು. ತವರದಿಂದ 2,550ರವರೆಗೆ ಹೋಗಿದ್ದೆ. ಆದರೆ ಆ ವಸ್ತು ಕಂದುಬಣ್ಣಕ್ಕೆ ತಿರುಗಿತ್ತು, ಇದು ತಿಳಿಹಳದಿಯಾಗಿಯೇ ಉಳಿದಿದೆ.

ಇನ್ನಷ್ಟು ಬೆಳೆಯಲೆಂದು 200 ಡಿಗ್ರಿಗೆ ಏರಿಸಿದ್ದು ಆತುರವಾಯಿತು. ಕಂಡೆನ್ಸರ್‌ನ ಒಳಗೆ ಬಿಳಿಯ ಸೂಜಿಯಂತಹ ಹರಳುಗಳು ಕಟ್ಟಿಕೊಂಡು ಪಂಪಿನ ಕೊಳವೆಯೇ ಮುಚ್ಚಿತು. ಅವು ಲ್ಯಾಕ್ಟೈಡ್: ಸರಪಳಿಯನ್ನು ಬೆಳೆಸಿದ ಅದೇ ಲೋಹ, ಉಷ್ಣತೆ ಹೆಚ್ಚಿ ಒತ್ತಡ ಇಳಿದಾಗ, ಸರಪಳಿಯ ತುದಿಯಿಂದ ಎರಡೆರಡು ಘಟಕಗಳನ್ನು ಉಂಗುರವಾಗಿ ಕತ್ತರಿಸುತ್ತದೆ. ಹೊರಗಿನಿಂದ ಬಿಸಿಗಾಳಿ ಬೀಸಿ ಕರಗಿಸಿ, 11 ಗ್ರಾಂ ಹರಳನ್ನು ಉಳಿಸಿಕೊಂಡೆ.

ಈ ತಡೆಯೇ ಮುಂದಿನ ದಾರಿಯನ್ನು ತೋರಿಸಿದೆ ಎಂದು ನನಗನಿಸುತ್ತದೆ. 1,870ರ ಅಣುತೂಕದ ಹಾಳೆ ಮಡಚಿದೊಡನೆ ಮುರಿಯುತ್ತದೆ. ಬಳಕೆಗೆ ಬರಬೇಕಾದರೆ ಅದು ಹತ್ತಾರು ಸಾವಿರವನ್ನು ದಾಟಬೇಕು, ಮತ್ತು ಅದಕ್ಕೆ ಶುದ್ಧ ಲ್ಯಾಕ್ಟೈಡಿನ ಉಂಗುರವನ್ನು ಬಿಡಿಸಿ ಜೋಡಿಸುವುದೇ ಉತ್ತಮ ಮಾರ್ಗ. ಪಾಲಿಲ್ಯಾಕ್ಟಿಕ್ ಆಮ್ಲ ಬೇಗ ಕೊಳೆಯುವುದು ಸುಮಾರು 58 ಡಿಗ್ರಿಯ ಗೊಬ್ಬರದ ರಾಶಿಯಲ್ಲಿ, ತಣ್ಣನೆಯ ಎರೆಮಣ್ಣಿನಲ್ಲಿ ಬಹಳ ನಿಧಾನ ಎಂಬುದನ್ನೂ ಮರೆಯುವಂತಿಲ್ಲ. ಹೊಲದ ಹಾಳೆಗೆ ಬೇರೆ ಘಟಕವೊಂದನ್ನು ಬೆರೆಸಬೇಕಾದೀತು.

ಮಳೆಗಾಲದ ತೇವ ತಾಗದಂತೆ ಹರಳುಗಳನ್ನು ಡೆಸಿಕೇಟರ್‌ನಲ್ಲಿ ಇಟ್ಟಿದ್ದೇನೆ. ಮುಂದಿನ ರಜೆಗೆ ಅವನ್ನು ಈಥೈಲ್ ಅಸಿಟೇಟ್‌ನಲ್ಲಿ ಕರಗಿಸಿ ಮತ್ತೆ ಹರಳುಗಟ್ಟಿಸಿ, ಕರಗುವ ಉಷ್ಣತೆ 95 ಡಿಗ್ರಿಯ ಆಸುಪಾಸಿಗೆ ಬರುತ್ತದೆಯೇ ಎಂದು ನೋಡಬೇಕು.