ರೈನ್ ದಂಡೆಯಲ್ಲಿ ಕೇಳಿದ ‘ಬ್ಯಾಡ ಅಂದೇವಿ’

ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಲಿನ ದ್ರಾಕ್ಷಿ ಪಡಗಳ ನಡುವೆ ಬೆಳೆದ ನನಗೆ, ಜರ್ಮನಿಯ ಫ್ರೈಬುರ್ಗ್ ನಗರಕ್ಕೆ ಬಂದ ಮೊದಲ ವರ್ಷ ನಮ್ಮದೇ ಎನ್ನಿಸಿದ ದೃಶ್ಯ ಒಂದೇ. ಫೆಬ್ರುವರಿಯ ಚಳಿಯಲ್ಲಿ ಕೈಸರ್‌ಸ್ಟೂಲ್ ಗುಡ್ಡದ ಇಳಿಜಾರಿನಲ್ಲಿ ರೈತರು ಬಾಗಿ ನಿಂತು ದ್ರಾಕ್ಷಿ ಬಳ್ಳಿ ಕತ್ತರಿಸುತ್ತಿದ್ದರು. ನಮ್ಮ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಅಕ್ಟೋಬರಿನಲ್ಲಿ, ಅವರದು ಚಳಿಗಾಲ ಮುಗಿಯುವ ಮುನ್ನ. ಕತ್ತರಿ ಹಿಡಿದ ಕೈಯ ಓಟ ಮಾತ್ರ ಎರಡೂ ಕಡೆ ಒಂದೇ. ಆ ಗುಡ್ಡದ ಸಮೀಪ, ರೈನ್ ನದಿಯ ದಂಡೆಗೆ ಇರುವ ವೀಲ್ ಎಂಬ ಹಳ್ಳಿಯ ಜನ ಐವತ್ತು ವರ್ಷಗಳ ಹಿಂದೆ ಏನು ಮಾಡಿದರು ಎಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

1973ರಲ್ಲಿ ವೀಲ್ ಪಕ್ಕದ ಕಾಡಿನಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟುವುದಾಗಿ ಪ್ರಕಟವಾಯಿತು. ವಿಕಿರಣದ ಭಯ ಇದ್ದೇ ಇತ್ತು; ಅದರಷ್ಟೇ ಜನರನ್ನು ಕಾಡಿದ್ದು ಸ್ಥಾವರದ ಶೈತ್ಯ ಗೋಪುರಗಳಿಂದ ಏಳುವ ಹಬೆ. ಆ ಹಬೆಯಿಂದ ಮಂಜು ಹೆಚ್ಚಾಗಿ, ಬಿಸಿಲು ಕಡಿಮೆಯಾಗಿ, ದ್ರಾಕ್ಷಿ ಕೈಕೊಡುತ್ತದೆ ಎಂದು ಬೆಳೆಗಾರರು ಅಂಜಿದರು. ಈ ಅಂಜಿಕೆಯನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೂ ಬಿಡುವ ಹೊತ್ತಿಗೆ ಎರಡು ದಿನ ಮೋಡ ಮುಸುಕಿ ಮಂಜು ಬಿದ್ದರೆ ಸಾಕು, ಡೌನಿ ರೋಗ ಬಂದೀತೆಂದು ನಸುಕಿನಲ್ಲೇ ಔಷಧ ಹೊಡೆಯಲು ಓಡುತ್ತಿದ್ದ ಅಪ್ಪನನ್ನು ನೋಡುತ್ತಲೇ ನಾನು ಬೆಳೆದವಳು.

1975ರ ಫೆಬ್ರುವರಿ 17ರಂದು ಕೆಲಸ ಶುರುವಾಯಿತು. ಮರುದಿನವೇ ಊರಿನವರು ಯಂತ್ರಗಳ ಮುಂದೆ ಹೋಗಿ ಕುಳಿತರು. 20ರಂದು ಪೊಲೀಸರು ಅವರನ್ನು ಎಬ್ಬಿಸಿದರು. 23ರಂದು ಸುಮಾರು 28,000 ಜನ ಸೇರಿ ಜಾಗವನ್ನು ಮತ್ತೆ ಹಿಡಿದರು ಮತ್ತು ಆ ವರ್ಷದ ನವೆಂಬರ್ ತನಕ ಅಲ್ಲಿಂದ ಕದಲಲಿಲ್ಲ. ನದಿಯಾಚೆಯ ಫ್ರಾನ್ಸಿನ ಆಲ್ಸಾಸ್ ಪ್ರಾಂತದವರೂ ಬಂದಿದ್ದರು. ಹಿಂದಿನ ವರ್ಷವಷ್ಟೇ ಎರಡೂ ದಂಡೆಯ ಜನ ಕೂಡಿ ಆ ಪ್ರಾಂತದ ಮಾರ್ಕೋಲ್ಸ್‌ಹೈಮ್‌ನಲ್ಲಿ ಸೀಸದ ಕಾರ್ಖಾನೆ ಕಟ್ಟಬೇಕಿದ್ದ ಜಾಗದಲ್ಲಿ ಹೀಗೆಯೇ ಕುಳಿತಿದ್ದರು. ಎರಡೂ ಕಡೆಯವರ ಆಡುಮಾತು ಒಂದೇ ಆಗಿತ್ತು, ಅವರ ಘೋಷಣೆ ಹುಟ್ಟಿದ್ದೂ ಅದರಲ್ಲೇ: ‘ನಾಯ್ ಹೆಮ್ಮರ್ ಗ್ಸೈಟ್’. ಪುಸ್ತಕದ ಜರ್ಮನ್ ಕಲಿತ ನನಗೆ ಮೊದಲು ಅದು ತಿಳಿಯಲಿಲ್ಲ. ತಿಳಿದ ದಿನ, ಅದಕ್ಕೆ ನಮ್ಮ ವಿಜಯಪುರದ ‘ಬ್ಯಾಡ ಅಂದೇವಿ’ಗಿಂತ ಸರಿಯಾದ ಮಾತು ಇಲ್ಲ ಅನ್ನಿಸಿತು. ಆ ಕಾಡಿನಲ್ಲಿ ನಿಲ್ಲಿಸಿರುವ ಬಂಡೆಯ ಮೇಲೆ ಇಂದಿಗೂ ಅದೇ ಮಾತು ಕೆತ್ತಿದೆ. ಮುಂದೆ ನ್ಯಾಯಾಲಯಗಳಲ್ಲಿ ಸೋಲು ಗೆಲುವು ಎರಡೂ ಆದವು, ಆದರೆ ಸ್ಥಾವರ ಏಳಲೇ ಇಲ್ಲ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಆ ತಿಂಗಳುಗಳ ಸಂಜೆಗಳ ಬಗ್ಗೆ. ಹಿಡಿದ ಜಾಗದಲ್ಲಿ ಜನ ಕಟ್ಟಿಗೆಯಿಂದ ದುಂಡನೆಯ ಒಂದು ಮನೆ ಕಟ್ಟಿ, ಅದನ್ನು ಸ್ನೇಹದ ಮನೆ ಎಂದು ಕರೆದರು. ಅದರೊಳಗೆ ‘ವೀಲ್ ಕಾಡಿನ ಜನಶಾಲೆ’ ನಡೆಯಿತು. ವಿಕಿರಣ ಎಂದರೇನು, ವಿದ್ಯುತ್ ಎಲ್ಲಿಂದ ಬರುತ್ತದೆ, ಕಾನೂನು ಏನು ಹೇಳುತ್ತದೆ ಎಂದು ತಿಳಿದವರು ಬಂದು ಹೇಳಿದರು. ಹಗಲೆಲ್ಲ ತೋಟದಲ್ಲಿ ದುಡಿದವರು ಬಂದು ಕೇಳಿದರು, ಪ್ರಶ್ನಿಸಿದರು. ಆಡುಮಾತಿನ ಕವಿತೆ ಮತ್ತು ಹಾಡು ಕೂಡ ಅಲ್ಲೇ ನಡೆಯುತ್ತಿದ್ದವು. ಜಾಗ ಬಿಟ್ಟ ಮೇಲೂ ಈ ಶಾಲೆ ನಿಲ್ಲದೆ ಸುತ್ತಲಿನ ಹಳ್ಳಿಗಳಲ್ಲಿ ವರ್ಷಾನುಗಟ್ಟಲೆ ಮುಂದುವರಿಯಿತು. ಈ ಚಳವಳಿಯ ಬೆನ್ನಿಗೇ 1977ರಲ್ಲಿ ಫ್ರೈಬುರ್ಗ್‌ನಲ್ಲಿ ಓಕೋ ಇನ್‌ಸ್ಟಿಟ್ಯೂಟ್ ಎಂಬ ಪರಿಸರ ಸಂಶೋಧನಾ ಸಂಸ್ಥೆಯೂ ಹುಟ್ಟಿತು. ಹೋರಾಟವನ್ನು ಬದುಕಿಸಿದ್ದು ಆ ಒಂದು ದಿನದ ಜನಜಾತ್ರೆಗಿಂತ ಹೆಚ್ಚಾಗಿ ಈ ಸಂಜೆಗಳೇ ಎಂಬುದು ನನ್ನ ಗಟ್ಟಿ ನಂಬಿಕೆ.

ಆ ರೂಢಿ ಈಗಲೂ ಇಲ್ಲಿ ಇದೆ. ಹವಾಮಾನದ ಪ್ರಶ್ನೆಗಾಗಿ ನಡೆದ ಒಂದು ಮೆರವಣಿಗೆಯಲ್ಲಿ ನನ್ನ ತೋಳಿಗೂ ಬಿಳಿಯ ಪಟ್ಟಿ ಕಟ್ಟಿದ್ದರು. ಜನರನ್ನು ಸಾಲಿನಲ್ಲಿ ನಡೆಸುವ ಸ್ವಯಂಸೇವಕರು ‘ಓರ್ಡ್ನರ್’ ಎಂದು ಬರೆದ ಬಿಳಿ ಪಟ್ಟಿಯನ್ನೇ ಕಟ್ಟಬೇಕೆಂದು ಇಲ್ಲಿಯ ಕಾನೂನಿದೆ. ಆ ಫೋಟೋ ನೋಡಿ ಊರಿನಿಂದ ಕಾಕಾ ಗಾಬರಿಯಿಂದ ಫೋನ್ ಮಾಡಿದರು.

“ಅಲ್ಲವ್ವಾ, ಪರದೇಶದಾಗ ಮೋರ್ಚಾದಾಗ ನಿಂತೀಯಲ್ಲ, ಪೊಲೀಸರು ಹಿಡಿಯಂಗಿಲ್ಲೇನು?”

“ಇಲ್ಲ ಕಾಕಾ, ಅವರೇ ಮುಂದ ನಿಂತು ದಾರಿ ಮಾಡಿ ಕೊಡ್ತಾರ.”

ಬಯಲಿನಲ್ಲಿ ನಡೆಯುವ ಸಭೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದಕ್ಕೆ 48 ಗಂಟೆ ಮೊದಲು ಆಡಳಿತಕ್ಕೆ ತಿಳಿಸಬೇಕು. ತಿಳಿಸಬೇಕೇ ಹೊರತು ಅಪ್ಪಣೆ ಬೇಡಬೇಕಿಲ್ಲ, ಮತ್ತು ನನ್ನಂಥ ಹೊರದೇಶದವರಿಗೂ ಸೇರಲು ಅವಕಾಶವಿದೆ ಎಂದು ವಿವರಿಸಿದ ಮೇಲೆ ಕಾಕಾ ಸ್ವಲ್ಪ ಸಮಾಧಾನಗೊಂಡರು. ಮೆರವಣಿಗೆ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ಉದ್ದನೆಯ ಮೇಜಿನ ಸುತ್ತ ಕುಳಿತು ಸೂಪು ಕುಡಿಯುತ್ತ, ಮುಂದಿನ ವಾರ ಯಾವ ವಿಷಯ, ಯಾರು ಮಾತನಾಡುವವರು ಎಂದು ಗೊತ್ತುಮಾಡುತ್ತೇವೆ ಎಂದೆ. ಬಹಳ ಹೊತ್ತು ಅವರು ಮಾತಾಡಲಿಲ್ಲ.

ನಮ್ಮಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅದನ್ನು ಮನಗಂಡು ಕೋಟಿ ವೃಕ್ಷ ಅಭಿಯಾನ ನಡೆದಿದೆ, ವೃಕ್ಷಥಾನ್ ಓಟಕ್ಕೆ ಸಾವಿರಾರು ಜನ ಸೇರುತ್ತಾರೆ. 2014ರಲ್ಲಿ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ವಿರುದ್ಧ ರೈತರು ಬೀದಿಗಿಳಿದದ್ದನ್ನೂ ಜಿಲ್ಲೆ ನೋಡಿದೆ. ಆದರೆ ಓಟದ ಮರುವಾರ, ಧರಣಿಯ ಮರುತಿಂಗಳು ನಾವು ಎಲ್ಲಿ ಕೂಡುತ್ತೇವೆ? ಕೂತು ಕೇಳುವುದು ನಮಗೆ ಹೊಸದಲ್ಲ. ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಬೆಳಗಿನ ಚಳಿಯಲ್ಲಿ ಇಡೀ ಊರಿಗೆ ಊರೇ ಎದ್ದು ಹೋಗಿ, ತಿಂಗಳುಗಟ್ಟಲೆ ತಪ್ಪದೆ ಸದ್ದಿಲ್ಲದೆ ಕುಳಿತು ಕೇಳಿದ ಜನ ನಾವು. ಬೋರಿನ ನೀರು ಯಾಕೆ ಇಷ್ಟು ಆಳಕ್ಕೆ ಇಳಿಯಿತು, ದ್ರಾಕ್ಷಿಗೆ ಹೊಡೆಯುವ ಔಷಧ ಮಣ್ಣಿಗೆ ಏನು ಮಾಡುತ್ತದೆ, ಗ್ರಾಮಸಭೆಯಲ್ಲಿ ನಾವು ಏನನ್ನು ಕೇಳಬಹುದು ಎಂಬುದನ್ನೂ ಹಾಗೆಯೇ ಕೂತು ಕೇಳಬಹುದಲ್ಲ ಎಂದು ಕಾಕಾ ಮುಂದೆ ಹೇಳಿದೆ.

ಹತ್ತು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಒಣದ್ರಾಕ್ಷಿಯ ಶೆಡ್ಡು ಡಿಸೆಂಬರಿನಲ್ಲಿ ಹೇಗೂ ಖಾಲಿ ಇರುತ್ತದೆ, ನೂರು ಮಂದಿ ಕೂರಬಹುದು, ಜಮಖಾನೆ ಗುಡಿಯಿಂದ ತರಿಸಬಹುದು ಎಂದರು. ಮೊದಲ ಸಂಜೆ ನೀರಿನ ವಿಷಯವೇ ಆಗಲಿ, ಕೃಷಿ ಕಾಲೇಜಿನವರನ್ನು ತಾವೇ ಹೋಗಿ ಕರೆಯುವುದಾಗಿಯೂ ಹೇಳಿದರು.

“ಶೆಡ್ಡಿನ ಕೀಲಿ ನನ್ನ ಹತ್ರ ಐತಿ. ನೀ ಯಾವತ್ತು ಬರ್ತಿ, ಅಷ್ಟು ಹೇಳವ್ವಾ.”