ನವಿಲು ಕಂಡ ಮೇಲೆ ಕೈ ಬಿಟ್ಟೆ

ಇಳಿದೆ! ಭಾನುವಾರ ಬೆಳಿಗ್ಗೆ 5:40ಕ್ಕೆ, ನಿಂತಲ್ಲಿಂದ ಹಿಂದಕ್ಕೆ ಬಾಗಿ, ಯಾರೂ ಸೊಂಟ ಹಿಡಿಯದೆ, ಎರಡೂ ಅಂಗೈ ನೆಲಕ್ಕೆ ಊರಿದೆ. ಐದು ಉಸಿರು ಊರ್ಧ್ವ ಧನುರಾಸನದಲ್ಲೇ, ಅಂದರೆ ಕೈಕಾಲು ಊರಿ ಬೆನ್ನು ಕಮಾನಾದ ಭಂಗಿಯಲ್ಲೇ ಇದ್ದೆ. ಆಮೇಲೆ ಮಲಗಿ, ತಾರಸಿ ನೋಡುತ್ತಾ ಅತ್ತುಬಿಟ್ಟೆ. ಎರಡೂವರೆ ವರ್ಷ ಕಾದ ಬೆಳಗು ಅದು.

ಸೂರ್ಯ ನಮಸ್ಕಾರ, ಪ್ರೈಮರಿಯ (ಅಷ್ಟಾಂಗ ಯೋಗದ ಮೊದಲ ಸರಣಿಯ) ಉಳಿದ ಆಸನಗಳ ಬಗ್ಗೆ ಈ ಸಲ ಬರೆಯಲ್ಲ. ಕೂತು ಮೈ ತಿರುಚುವ ಮರೀಚ್ಯಾಸನ ಡಿ ಇನ್ನೂ ಎಡಗಡೆ ಬಿಗಿ, ಅಷ್ಟೇ. ಇವತ್ತು ಬರೀ ಡ್ರಾಪ್ ಬ್ಯಾಕ್, ಅಂದರೆ ಹೀಗೆ ನಿಂತಲ್ಲಿಂದ ಹಿಂದಕ್ಕೆ ಬಾಗಿ ಇಳಿಯುವುದು.

ಹಳೇ ಕಥೆ ಗೊತ್ತಿಲ್ಲದವರಿಗೆ ಒಂದು ಮಾತು. ಮೊದಲ ಸಲ ಇಳಿಯಲು ಹೋದಾಗ ಅಂಗೈ ಮ್ಯಾಟ್ ಮೇಲೆ ಜಾರಿತು, ಮೊಣಕೈ ಮಡಿಚಿತು, ನೆತ್ತಿ ನೆಲಕ್ಕೆ ಬಡಿಯಿತು. ದೊಡ್ಡ ಪೆಟ್ಟೇನಲ್ಲ. ಆದರೆ ಆ ಸದ್ದು ಕಿವಿಯಲ್ಲೇ ಉಳಿಯಿತು. ಹಿಂದಕ್ಕೆ ತಲೆ ಬಿಡುವುದನ್ನೇ ಎಂಟು ತಿಂಗಳ ಕಾಲ ನಿಲ್ಲಿಸಿದ್ದೆ. 'ಬೆವರಿದರೂ ಜಾರಲ್ಲ' ಅಂತ ಆನ್‌ಲೈನ್‌ನಲ್ಲಿ ಮಾರಿದ ಮ್ಯಾಟ್ ಅದು. ಸಾಬೂನು ಸವರಿದ ಹಾಗಿತ್ತು. ವಾಪಸ್ ತಗೊಳ್ಳಿ ಅಂದರೆ, ಬಳಸಿದ್ದನ್ನು ತಗೊಳ್ಳಲ್ಲ ಅಂದರು. ಬಳಸದೆ ಜಾರುತ್ತೆ ಅಂತ ತಿಳಿಯೋದು ಹೇಗೆ? ಇವತ್ತಿಗೂ ಸಿಟ್ಟು ಬರುತ್ತೆ.

ಮತ್ತೆ ಶುರು ಮಾಡಿದ್ದು ದಿವಾನದಿಂದ. 16 ಇಂಚಿನ ದಿವಾನ, ಅದರ ಮೇಲೆ ಮಡಿಸಿದ ಹತ್ತಿ ಹಾಸಿಗೆ. ಅಲ್ಲಿಗೆ ಇಳಿಯುವುದು ಒಂದೇ ವಾರಕ್ಕೆ ಬಂತು. ಆಮೇಲೆ ದಿವಾನ ಬಿಟ್ಟು ಬರೀ ಹಾಸಿಗೆ, ದಿಂಬು. ವಾರಕ್ಕೆ ನಾಲ್ಕು ಬೆರಳಿನಷ್ಟು ಎತ್ತರ ಕಡಿಮೆ ಮಾಡುತ್ತಾ ಬಂದೆ. ಸೊಂಟ ಮುಂದಕ್ಕೆ ಹೋದಷ್ಟೂ ತಲೆ ಹಿಂದಕ್ಕೆ ಹೋಗಬಹುದು, ಭಾರ ಪಾದದ ಮೇಲೇ ಇರುತ್ತೆ ಅನ್ನೋದು ಮೈಗೆ ಅರ್ಥವಾಯಿತು. ಮೊಣಕೈ ಗಟ್ಟಿಯಾಗಿ ನೆಟ್ಟಗಿದ್ದರೆ ತಲೆ ಬಡಿಯೋ ಮಾತೇ ಇಲ್ಲ, ಅದೂ ಗೊತ್ತಾಯಿತು.

ಕೊನೆಗೆ ಉಳಿದದ್ದು ನಾಲ್ಕೇ ಬೆರಳು. ಒಂದು ತೆಳು ಹಾಸಿಗೆ. ಅದನ್ನು ತೆಗೆದರೆ ನೆಲ. ಅಲ್ಲಿ ಏಳು ವಾರ ನಿಂತುಬಿಟ್ಟೆ.

ನಾಲ್ಕು ಬೆರಳಿನಿಂದ ಬೆನ್ನಿಗೆ ಏನೂ ವ್ಯತ್ಯಾಸ ಆಗಲ್ಲ. ಹಾಸಿಗೆ ಇದ್ದರೆ ಬಾಗುತ್ತಿದ್ದ ಅದೇ ಬೆನ್ನು, ಹಾಸಿಗೆ ತೆಗೆದ ತಕ್ಷಣ ಹಲಗೆ. ಹಿಮ್ಮಡಿ ಏಳುತ್ತಿತ್ತು, ಪಾದ ಹೊರಕ್ಕೆ ತಿರುಗುತ್ತಿತ್ತು. ಅರ್ಧಕ್ಕೆ ಹೋಗಿ ಎದೆ ಡವಡವ ಅಂದು ಎದ್ದು ನಿಲ್ಲುತ್ತಿದ್ದೆ. ಧೈರ್ಯ ಸಾಲದು ಅಂತ ಎಲ್ಲರೂ ಹೇಳಿದರು, ನಾನೂ ನಂಬಿದ್ದೆ. ಗೋಡೆ ಹಿಡಿದು ಇಳಿದು ನೋಡಿದೆ. ಮಗಳ ಕೈಲಿ ಬೆಡ್‌ಶೀಟ್ ಕೊಟ್ಟು ಸೊಂಟಕ್ಕೆ ಸುತ್ತಿಸಿಕೊಂಡೂ ನೋಡಿದೆ. ಅವಳು ಹಿಡಿದಿದ್ದಾಗ ಸರಿ, ಬಿಟ್ಟರೆ ಮತ್ತೆ ಅದೇ.

ದಾರಿ ತೋರಿಸಿದ್ದೂ ಅವಳೇ. ಒಂದು ದಿನ ನೀರು ಕುಡಿಯಲು ಎದ್ದು ಬಂದವಳು ಬಾಗಿಲಲ್ಲೇ ನಿಂತು, "ಅಮ್ಮಾ, ನೀನು ಉಸಿರೇ ಬಿಡ್ತಿಲ್ಲ" ಅಂದಳು. ನಿಜ. ಕೆಳಗೆ ಹೋಗುವಾಗ ಉಸಿರು ಬಿಡಬೇಕು, ನಾನು ಗಂಟಲಲ್ಲೇ ಕಟ್ಟಿ ಇಟ್ಟುಕೊಂಡಿದ್ದೆ. ಯಾವ ಕ್ಷಣಕ್ಕೆ ಕಟ್ಟುತ್ತೆ ಅಂತ ಗಮನಿಸಿ ಮತ್ತೆ ಬಾಗಿದೆ. ಗೋಡೆ ಕಂಡಿತು, ಗೋಡೆಯ ಸ್ವಿಚ್ ಬೋರ್ಡ್ ಕಂಡಿತು, ಆಮೇಲೆ ಏನೂ ಇಲ್ಲ. ಬರೀ ಕತ್ತಲು. ಉಸಿರು ಕಟ್ಟಿದ್ದು ಅಲ್ಲೇ.

ನಮ್ಮದು ಮೈಸೂರಿನ ಹಳೇ ಮನೆ. ಕೆಂಪು ಗಾರೆ ನೆಲ. ಮನೆಯವರ ನಿದ್ದೆ ಕೆಡಬಾರದು ಅಂತ ಝೀರೋ ಬಲ್ಬ್ ಮಾತ್ರ ಹಾಕುತ್ತೇನೆ. ಮ್ಯಾಟ್ ಕಡು ನೀಲಿ. ಹಾಸಿಗೆಗೆ ಹೊದಿಸಿದ್ದು ಬಿಳಿ ದುಪ್ಪಟಿ, ಅದು ಆ ಬೆಳಕಲ್ಲೂ ಕಾಣುತ್ತಿತ್ತು! ನೆಲ ಕಾಣುತ್ತಿರಲಿಲ್ಲ. ಬಾವಿ ಇಣುಕಿದ ಹಾಗೆ. ನನ್ನ ಮೈ ಏಳು ವಾರದಿಂದ ಸರಿಯಾಗೇ ಹೇಳುತ್ತಿತ್ತು, ಕಾಣದ ಕಡೆ ಕೈ ಬಿಡಲ್ಲ ಅಂತ.

ಹುಬ್ಬಳ್ಳಿಯಲ್ಲಿರುವ ಅಕ್ಕ ಕೊಟ್ಟ ನವಲಗುಂದದ ಜಮಖಾನ ಪೆಟ್ಟಿಗೆಯಲ್ಲಿತ್ತು. ಹೆಂಗಸರೇ ನೇಯುವ, ನವಿಲು ಬರುವ ಜಮಖಾನ. ಹತ್ತಿಯದು, ಅಂಗೈಗೆ ಹಿಡಿತ ಸಿಗುತ್ತೆ. ಮೋಸದ ಮ್ಯಾಟನ್ನು ಜಮಖಾನ ಸರಿಯದ ಹಾಗೆ ಅಡಿಗೆ ಹಾಸಿದೆ. ಕೈ ಬೀಳುವ ಜಾಗಕ್ಕೆ ಸರಿಯಾಗಿ ಒಂದು ನವಿಲು ಬರುವಂತೆ ಎಳೆದುಕೊಂಡೆ. ಮೇಜಿನ ದೀಪವನ್ನು ನೆಲದ ಮೇಲಿಟ್ಟು ಆ ಕಡೆ ತಿರುಗಿಸಿದೆ.

ಅಷ್ಟಾಂಗದಲ್ಲಿ ಶನಿವಾರ ಅಭ್ಯಾಸಕ್ಕೆ ರಜ, ಅದು ಮುಗಿದು ಭಾನುವಾರ ನಿಂತೆ. ಕೈ ಎದೆಯ ಮುಂದೆ ಮುಗಿದುಕೊಂಡು, ಉಸಿರು ಬಿಡುತ್ತಾ, ಆತುರ ಮಾಡದೆ ಬಾಗಿದೆ. ಗೋಡೆ. ಸ್ವಿಚ್ ಬೋರ್ಡ್. ಗೋಡೆಯ ಬುಡ. ಜಮಖಾನದ ಕುಚ್ಚು. ತೊಡೆ ನಡುಗುತ್ತಿತ್ತು, ಹಿಮ್ಮಡಿ ಮಾತ್ರ ಊರಿಯೇ ಇತ್ತು. ಇನ್ನೊಂದು ಚೂರು ಕಾದೆ. ತಲೆಕೆಳಗಾದ ನವಿಲಿನ ಕೊರಳು ಕಂಡಿತು. ಆಗ ಕೈ ಬಿಟ್ಟೆ. ಕೈ ತಾನಾಗೇ ಹೋಗಿ ಅದರ ಎರಡು ಪಕ್ಕ ಕೂತಿತು. ಸದ್ದೇ ಆಗಲಿಲ್ಲ.

ಈ ಊರಲ್ಲೇ, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಹಿಂದೆ ಯೋಗಗುರು ಕೃಷ್ಣಮಾಚಾರ್ಯರು ಕಲಿಸುತ್ತಿದ್ದರು. ಆ ಅರಮನೆ ಮುಂದೆ ಆಟೋದಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಸೋಮವಾರ ಅಲ್ಲಿ ಇಳಿದು ಒಂದು ನಿಮಿಷ ಸುಮ್ನೆ ನಿಂತು ಬಂದೆ.

ಈ ಮಧ್ಯೆ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿದೆ. ಬೆನ್ನು ಬಾಗಿಸಿ ಮಲಗುವ ಮರದ ಬೆಂಚು. ಕೃಷ್ಣಮಾಚಾರ್ಯರ ಶಿಷ್ಯ, ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಪುಣೆಗೆ ಹೋಗಿ, ಮುಂದೆ ಹಗ್ಗ, ಕುರ್ಚಿ, ಮರದ ಸಾಮಾನು ಎಲ್ಲವನ್ನೂ ಆಸನಕ್ಕೆ ತಂದರಲ್ಲ, ಆ ತರಹದ್ದು. ಕೊಳ್ಳೋಣ ಅಂದರೆ ಬೆಲೆಗಿಂತ ಸಾಗಣೆ ಖರ್ಚೇ ಜಾಸ್ತಿ. ಅದಕ್ಕೆ ನಾನೇ ಚಿತ್ರ ಬರೆದೆ. ಎರಡು ಕಮಾನು, ಅದರ ಮೇಲೆ ಎರಡು ಇಂಚು ಅಗಲದ ಸಿಲ್ವರ್ ಓಕ್ ಪಟ್ಟಿಗಳು. ಬಡಗಿ ಚಿತ್ರ ತಿರುಗಿಸಿ ತಿರುಗಿಸಿ ನೋಡಿ, "ಅಕ್ಕಾ, ಇದು ತೊಟ್ಟಿಲೋ, ಮಕ್ಕಳ ಕುದುರೆಯೋ?" ಅಂತ ಕೇಳಿದ. ಇಬ್ಬರೂ ಚೆನ್ನಾಗಿ ನಕ್ಕೆವು. ಕಮಾನಿನ ಎತ್ತರ ಎಷ್ಟಿರಬೇಕು ಅಂತ ಮಾಡಿಸಿದವರು ಹೇಳಿ, ದಯವಿಟ್ಟು.

ಇಳಿದ ಮೇಲೆ ಏಳುವುದು ಇನ್ನೂ ಬಂದಿಲ್ಲ. ಭಾರ ಕಾಲಿಗೆ ಬರುವ ಮೊದಲೇ ತಲೆ ಎತ್ತುತ್ತೇನೆ, ಅಲ್ಲೇ ತಪ್ಪುತ್ತೆ ಅನ್ನಿಸುತ್ತೆ. ನಾಳೆ ಹುಣ್ಣಿಮೆ, ಅಷ್ಟಾಂಗದ ರೂಢಿಯಂತೆ ಅಭ್ಯಾಸಕ್ಕೆ ರಜ. ನಾಡಿದ್ದು ಮೇಜಿನ ದೀಪ ತೆಗೆದು, ಝೀರೋ ಬಲ್ಬ್‌ನಲ್ಲೇ ಒಂದು ಸಲ ಇಳಿಯುತ್ತೇನೆ. ನವಿಲು ಅಲ್ಲೇ ಇರುತ್ತೆ ಅಂತ ಈಗ ಗೊತ್ತಲ್ವಾ.